ಕಂಡಿಕೆಯ ಲೆಕ್ಕ

ಬ್ಯಾಂಕಿನ ಫಾರಮಿನಲ್ಲಿ ಉದ್ಯೋಗ ಅಂತ ಒಂದು ಗೆರೆ.
ನೇಕಾರರ ಸಂಘದಲ್ಲಿ ಕೆಲಸ, ಅಂದೆ.
ಅಂದ್ರ ನೀವು ನೇಯ್ತೀರೇನ್ರಿ?
ಇಲ್ಲ.
ಮಾರ್ತೀರಿ?
ಸ್ವಲ್ಪ.
ಮತ್ತ?
ಇಳಕಲ್ಲಿನ ಮೂರು ಓಣಿ ದಿನಾ ತಿರುಗುತ್ತೇನೆ,
ಎಣಿಸುತ್ತೇನೆ.

ಕುಣಿಮಗ್ಗದಲ್ಲಿ ಮೊಳಕಾಲು ಮುಳುಗಿಸಿ ಕೂತ
ಮುರಿಗೆಪ್ಪ ಲಾಳಿ ಹೊಡೆದರೆ
ಅಗಸಿಯ ತನಕ ಕೇಳುತ್ತದೆ.
ಪಡಸಾಲೆಯ ಮೂಲೆಗೆ ಶಾವಂತ್ರವ್ವನ ರಾಟಿ,
ಅದರ ಸದ್ದು ಒಲೆಯ ಮೇಲಿನ ಎಸರಿನಷ್ಟು.
ನಲವತ್ತು ವರ್ಷ ಕಂಡಿಕೆ ಸುತ್ತಿದ್ದಾಳೆ;
ತೋರುಬೆರಳಿನಲ್ಲಿ ನೂಲು ಕೊರೆದ ಕಾಲುವೆ,
ಉಪ್ಪಿನಕಾಯಿ ಕಲಸುವಾಗ ಮಾತ್ರ ನೆನಪಾಗುತ್ತದಂತೆ.

ದಾಳಿಂಬೆ ಸಿಪ್ಪೆ ಕುದಿಸಿ ನಾವು ಹಳದಿ ತೆಗೆದೆವು,
ನೀಲಿಯ ಹಂಡೆಗೆ ಹದ ಬರಲು ಎರಡು ಬೇಸಿಗೆ ಕಳೆದೆವು.
ಹೊರಗಿನಿಂದ ಬಂದವರು ಸೆರಗು ಮೂಸಿ ಕೇಳುತ್ತಾರೆ,
ಬಣ್ಣ ಗಿಡದ್ದೇ ತಾನೆ?
ಗೋಮಿ ದಡಿ, ಟೋಪುತೆನಿ ಸೆರಗು,
ಒಡಲಿಗೂ ಸೆರಗಿಗೂ ಹಾಕಿದ ಕೊಂಡಿ,
ಎಲ್ಲವನ್ನೂ ಕೇಳುತ್ತಾರೆ.
ಕಂಡಿಕೆ ಯಾರದು? ಒಬ್ಬರೂ ಕೇಳಿಲ್ಲ.
ನಮ್ಮ ವಹಿಯೂ ಕೇಳಿರಲಿಲ್ಲ.

ಹೊಸ ಕಾಲಮು ಎಳೆಯಲು ಮೂರು ಸಭೆ ಬೇಕಾಯಿತು.
ಗಂಡನ ಕೂಲ್ಯಾಗ ಹೇಣ್ತಿ ಕೂಲಿ ಕೂಡೇ ಇರತೈತಲ್ರೀ,
ಅಧ್ಯಕ್ಷ ಪರಪ್ಪ ಚಹಾ ಬಸಿಗೆ ಸುರಿಯುತ್ತ ಅಂದ.
ಕೂಡಿದ್ದರೆ ಕಳೆದು ತೋರಿಸ್ರಿ, ಅಂದೆ.
ಚಹಾ ಆರಿತು.

ಮೊದಲ ಬಟವಾಡೆಯ ಶನಿವಾರ
ಶಾವಂತ್ರವ್ವ ಹೆಬ್ಬೆಟ್ಟು ಒತ್ತಲಿಲ್ಲ.
ನೂರಾ ನಲವತ್ತೆರಡು ಅಂತ ಬರದೀಯಲ್ಲಾ,
ಅದರಾಗ ಎರಡು ನನ್ನವಲ್ಲ.
ನನಗ ಜ್ವರ ಬಂದ ಸಂಜಿ ಹುಸೇನಬಿ ಸುತ್ತಿಕೊಟ್ಟಾಳ,
ಆಕಿ ಹೆಸರು ಬರಿ.
ಹುಸೇನಬಿಯ ಮನೆಗೆ ಹೋದೆ.
ಎರಡರಾಗ ಒಂದು ನಮ್ಮತ್ತೀದು, ಅಂದಳು.
ಅತ್ತೆಗೆ ಕಣ್ಣು ಕಾಣುವುದಿಲ್ಲ. ನೂಲು ಮಾತ್ರ ಕಾಣುತ್ತದೆ.
ಅರ್ಧಕ್ಕ ಎಳಿ ಹರಿದಾಗ ಗಂಟು ಹಾಕಿದ್ದು
ಅಂಗಳದಾಗ ಆಡೋ ಪೋರಿ,
ಅದನ್ನೇನು ಮಾಡ್ತಿ?

ಬ್ಯಾಂಕಿನವರು ಕೊನೆಗೆ
ಇತರೆ ಎಂಬಲ್ಲಿ ಗುರುತು ಹಾಕಿಕೊಂಡರು.
ದಾರಿಯಲ್ಲಿ ಹೊಸ ವಹಿ ಕೊಂಡೆ, ಇನ್ನೂರು ಹಾಳೆಯದು,
ಕೆಂಪು ರಟ್ಟು.
ಶಾವಂತ್ರವ್ವ ರಾಟಿ ನಿಲ್ಲಿಸಿ
ಒಂದು ಕೈಯಲ್ಲಿ ಅದನ್ನು ತೂಗಿ ನೋಡಿ ಅಂದಳು:
ತೆಳ್ಳಗ ಆತು.