ಸವರುವುದು

'ಕಂಪ್ಯೂಟರ್ ಅಂದ್ರೇನು ಸಾರ್, ಆ ಹೆಸರಿಗೇನರ್ಥ?'
ಮಂಚನಬಲೆ ಶಾಲೆಯಲ್ಲಿ, ಕಿಟಕಿ ಪಕ್ಕದ ಬೆಂಚಿನಿಂದ ಶಶಿರೇಖಾ.
ಗಣಕ, ಎಂದೆ.
'ಗಣಕ ಅಂದ್ರೆ?'
ಎಣಿಸುವವನು.
'ಹಂಗಾದ್ರೆ ಅದು ಮನುಷ್ಯ ಅಲ್ವಾ ಸಾರ್?'
ಪುಣ್ಯಕ್ಕೆ ಗಂಟೆ ಹೊಡೆಯಿತು.

ರಾತ್ರಿ ನಿಘಂಟು ತೆರೆದೆ.
ಹುಡುಗಿ ಹೇಳಿದ್ದು ನಿಜ.
ಒಂದು ಕಾಲಕ್ಕೆ ಅದು ಮನುಷ್ಯನೇ,
ಮೇಜಿಗೆ ಬಗ್ಗಿ ಕೂಡಿ ಕಳೆದು
ತಿಂಗಳ ಕೊನೆಗೆ ಸಂಬಳ ಎಣಿಸಿದವನು.
ಇನ್ನೂ ಕೆಳಗೆ, ಲ್ಯಾಟಿನ್ನಿನ ಬೇರಿನಲ್ಲಿ
ಒಂದೇ ಮಾತಿಗೆ ಎರಡು ಕೆಲಸ:
ಲೆಕ್ಕ ಹಾಕು,
ಬಳ್ಳಿ ಸವರು.

ಬೆಳಿಗ್ಗೆ ಬಸ್ಸು ಬಿಟ್ಟು ತೋಟದ ದಾರಿ ಹಿಡಿದೆ.
ದ್ರಾಕ್ಷಿ ಚಪ್ಪರದಡಿ ಅವಳಜ್ಜಿ ಪಿಳ್ಳಮ್ಮ,
ಕೈಯಲ್ಲಿ ಕತ್ತರಿ, ತಲೆತುಂಬ ತೊಗಟೆಯ ಪುಡಿ.
ಗಟ್ಟಿ ಕಡ್ಡಿಗೆ ಐದು ಕಣ್ಣು,
ಬಡಕಲಿಗೆ ಮೂರು.
ತುಟಿ ಮಾತ್ರ ಅಲುಗುತ್ತಿತ್ತು, ತೆಲುಗಿನಲ್ಲಿ:
ಒಕಟಿ, ರೆಂಡು, ಮೂಡು, ಕಟಕ್.

ಏನಮ್ಮ ಲೆಕ್ಕ?
'ಬಿಟ್ಟಿದ್ದರ ಲೆಕ್ಕ ಮೇಷ್ಟ್ರೇ.
ಕಡಿದಿದ್ದು ಮೇಕೆಗೆ.'

ಹೇಳಬೇಕೆಂದಿದ್ದೆ, ಆ ದೂರದ ಮಾತಿನ ಕಥೆ.
ಅಷ್ಟರಲ್ಲಿ ಜೇಬಿನ ಫೋನು ಗುಂಯ್ಗುಟ್ಟಿತು.
ತೆಗೆದು ಬೆರಳಿಂದ ಸವರಿದೆ,
ಬೆಳಕಾಯಿತು.

'ಅದಕ್ಕೆಷ್ಟು ಕಣ್ಣು ಬಿಟ್ಟವರೆ?'
ಕೇಳಿದಳು ಪಿಳ್ಳಮ್ಮ,
ಮುಂದಿನ ಕಡ್ಡಿ ಬಗ್ಗಿಸುತ್ತ.