ಹತ್ತೊಂದು, ಹತ್ತೆರಡು

ಊರವರ ಮನೆಗೆಲ್ಲ ಸೂತ ಹಿಡಿದು
ಎರಡಕ್ಕೆರಡರ ಫರಸಿ ಹಾಸಿ ಬರುವವನು ನಾನು.
ನನ್ನ ಮನೆಯ ನೆಲ ಮಾತ್ರ ಬರೀ ಚೂರು.
ಮೂಲೆ ಮುರಿದದ್ದು, ಗೆರೆ ಬಿಟ್ಟದ್ದು,
ಗುತ್ತೇದಾರ ಕಾಲಿಂದ ಅತ್ತ ಸರಿಸಿದ್ದು.
ಒಂದರಂತೆ ಒಂದಿಲ್ಲ.
ಶಹಾಬಾದಿನ ಸೆಕೆಗೆ ಸಂಜೆ ಒಂದು ಕೊಡ ನೀರು ಚೆಲ್ಲಿದರೆ
ಬೂದಿ ಬಣ್ಣ ಕಪ್ಪಾಗಿ
ಮತ್ತೆ ಬೂದಿಯಾಗುವ ತನಕ
ನನ್ನ ಮಗಳ ಶಾಲೆ.

ನಾಲ್ಕು ತುಂಬಿಲ್ಲ ಭಾಗ್ಯವಂತಿಗೆ.
ಒದ್ದೆಗಾಲಲ್ಲಿ ಜಿಗಿಯುತ್ತಾಳೆ,
ಕಲ್ಲಿಗೊಂದು ಹೆಜ್ಜೆ, ಹೆಜ್ಜೆಗೊಂದು ಕೂಗು.
ಹತ್ತರ ತನಕ ತಂಟೆಯಿಲ್ಲ.
ಹತ್ತರ ಮೇಲೆ ನಿಂತು, ಮೂಗು ಒರೆಸಿ, ಉಸಿರೆಳೆದು
"ಹತ್ತೊಂದು!
ಹತ್ತೆರಡು!"

"ಹನ್ನೊಂದು ಅನಬೇಕವ್ವಾ."
"ಯಾಕ?"

ಯಾಕೆ?
ಇಷ್ಟು ವರ್ಷ ಕಲ್ಲು ಎಣಿಸಿಯೇ ಕೂಲಿ ತಂದವನನ್ನು
ಯಾರೂ ಇದನ್ನು ಕೇಳಿರಲಿಲ್ಲ.
ಹತ್ತಕ್ಕೆ ಒಂದು ಕೂಡಿದರೆ ಹತ್ತೊಂದೇ ಆಗಬೇಕಲ್ಲ?
ನಡುವಿನ ಆ ಒತ್ತು
ಯಾವ ದಾರಿಯಲ್ಲಿ ಉದುರಿತು,
ಚೀಲದ ತೂತಿನಿಂದ ಮೊಳೆ ಉದುರಿದ ಹಾಗೆ?

ಒಳಗಿಂದ ಮಹಾನಂದಾ, ಕೈಗೆ ಹಿಟ್ಟು:
"ಆಕಿ ಲೆಕ್ಕ ಬರೋಬರಿ ಅದ.
ನೀ ಸುಮ್ಮ ಕುಂದ್ರು."

ಕಿಟಕಿ ಕೆಳಗೊಂದು ಮೂರು ಮೂಲೆಯ ತುಣುಕು.
ಮಗಳು ತಡೆದು ನಿಂತಳು. "ಇದೂ ಒಂದಾ?"
ಗುತ್ತೇದಾರನ ವಹಿಯಲ್ಲಿ ಇಂಥವು ಎರಡು ಕೂಡಿ ಒಂದು,
ಕೂಲಿಯೂ ಹಾಗೆಯೇ.
ಹೇಳಲು ಬಾಯಿ ತೆರೆದೆ.
ಅಷ್ಟರಲ್ಲಿ ಅವಳು ಒಂಟಿಗಾಲಲ್ಲಿ ಅದರ ಮೇಲೆ ನಿಂತು ನೋಡಿದ್ದಳು.
ಐದೂ ಬೆರಳು ಹಿಡಿದಿದ್ದವು.
"ಒಂದ," ಅಂದಳು. ಮುಗಿಯಿತು.

ಹತ್ತೈದು. ಹತ್ತಾರು.
ಮಹಾನಂದಾ ನಕ್ಕಳು:
"ಇಷ್ಟ ಸಣ್ಣ ಮನ್ಯಾಗ ಹತ್ತಾರು ಕಲ್ಲಾ!"
ಮಗಳಿಗೆ ನಗು ಯಾತಕ್ಕೆಂದು ತಿಳಿಯದು, ನಿಲ್ಲಲೂ ಇಲ್ಲ.
ಹತ್ತೇಳು. ಹತ್ತೆಂಟು.
ಹತ್ತೊಂಬತ್ತು.

ಬೆಚ್ಚಿದೆ.
ತಪ್ಪಿನ ದಾರಿ ಹಿಡಿದೇ ಬಂದವಳು
ಸರಿಯಾದ ಹೊಸ್ತಿಲಿಗೇ ಮುಟ್ಟಿದ್ದಳು.
ಹನ್ನೊಂದರಿಂದ ಹದಿನೆಂಟರ ತನಕ
ಹತ್ತನ್ನು ಮುರಿ ಮುರಿದು ಹಾಸಿದ ನನ್ನ ಭಾಷೆ
ಒಂದೇ ಒಂದು ಕಲ್ಲನ್ನು
ಇಡಿಯಾಗಿ ಉಳಿಸಿಟ್ಟಿತ್ತು.

"ಮುಂದ?" ಅಂದೆ.
ಕಲ್ಲು ಮುಗಿದಿದ್ದವು. ಹೊಸ್ತಿಲಾಚೆ ಮಣ್ಣು, ಇನ್ನೂ ಬಿಸಿ.
ಹಿಂದಿರುಗಿ ನೋಡಿದಳು:
ಮೊದಲ ಹೆಜ್ಜೆಗಳು ಆಗಲೇ ಆರಿದ್ದವು.
"ಮುಂದಿಂದು ನೀ ಇನ್ನಾ ತಂದೇ ಇಲ್ಲಲ್ಲಪ್ಪಾ."

ಮರುದಿನ ವಾಡಿ ರಸ್ತೆಯ ಕೆಲಸ.
ಟ್ರ್ಯಾಕ್ಟರಿನಿಂದ ಕಲ್ಲಿಳಿಸುತ್ತ
ಹತ್ತರ ಆಚೆ ಬಾಯಿ ತಾನಾಗಿ ತಿರುಗಿತು.
ಮ್ಯಾಲಿನಿಂದ ದೇವೀಂದ್ರಪ್ಪ ಇಣುಕಿ ಕೇಳಿದ,
"ಏನಂದಿ?"
"ಏನಿಲ್ಲ.
ಹತ್ತೆರಡನೇದು ಕೊಡು."