ಬಣ್ಣ ಬಿಡುವ ಬಟ್ಟೆ

ಸಾನ್ ನದಿ ಮೊಣಕೈ ಮಡಿಸುವಲ್ಲಿ ನಮ್ಮ ಪಟ್ಟಣ,
ಕೋರ್ಟಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ.
ನಲವತ್ತೊಂದು ವರ್ಷದಿಂದ ನಿಲುವಂಗಿ ಹೊಲಿಯುತ್ತೇನೆ.
ಕಪ್ಪು ಎಲ್ಲರಿಗೂ ಒಂದೇ ಥಾನಿನದು,
ಅಂಚು ಮಾತ್ರ ಬೇರೆ:
ವಕೀಲರಿಗೆ ಹಸಿರು, ಸರ್ಕಾರದ ಪ್ರಾಸಿಕ್ಯೂಟರಿಗೆ ಕೆಂಪು,
ನ್ಯಾಯಾಧೀಶರಿಗೆ ನೇರಳೆ.

ಅಮ್ಮ ಕಲಿಸಿದ್ದು ಎರಡೇ ಪಾಠ.
ಸೂಜಿ ಕಚ್ಚಿಕೊಂಡು ಮಾತಾಡಬೇಡ.
ಕೆಂಪನ್ನೂ ನೇರಳೆಯನ್ನೂ ಒಂದೇ ನೀರಿಗೆ ಹಾಕಬೇಡ;
ಕೆಂಪು ಬಣ್ಣ ಬಿಡುತ್ತದೆ, ಸದ್ದಿಲ್ಲದೆ.
ನೇರಳೆ ಮಾತ್ರ ತನ್ನನ್ನು
ಇನ್ನೂ ನೇರಳೆಯೆಂದೇ ತಿಳಿದಿರುತ್ತದೆ.

ಹಾಲ್ಷ್ಕಾ ಮೊದಲ ಸಲ ಬಂದಾಗ ಇಪ್ಪತ್ತೊಂಬತ್ತರ ಹುಡುಗಿ,
ಎಡಭುಜ ತುಸು ಇಳಿಜಾರು.
"ಒಳಗೊಂದು ಜೇಬು ಇಡ್ತೀರಾ?"
ಯಾಕಮ್ಮಾ ಅಂದೆ, ಹುಬ್ಬೇರಿಸಿ.
"ಬರ್ಚ್ ಮರ ಹೂಬಿಟ್ಟರೆ ಸೀನು ಹತ್ತುತ್ತೆ. ಕರವಸ್ತ್ರಕ್ಕೆ."
ಕರವಸ್ತ್ರ ಹಿಡಿಯುವಷ್ಟು ಇಟ್ಟೆ,
ಲಕೋಟೆ ಹಿಡಿಯುವಷ್ಟಲ್ಲ.

ಹನ್ನೊಂದು ವರ್ಷದ ಮೇಲೆ
ನಾನೇ ಅವಳೆದುರು ನಿಂತೆ. ಅಕ್ರೋಟು ಮರದ ವ್ಯಾಜ್ಯ:
ಬುಡ ನನ್ನದೋ, ಪಕ್ಕದ ಮನೆಯ ಗ್ನಿಯೆವೊಮಿರನದೋ.
ಅವಳ ಕೊರಳಲ್ಲಿ ನಾನು ಕೂರಿಸಿದ ನೇರಳೆ ನೆರಿಗೆ,
ಅದರ ಮೇಲೆ ಸರಪಳಿ, ಸರಪಳಿಯಲ್ಲಿ ಹದ್ದು.
ಆ ತೋಳಿನ ಒಳಹೊಲಿಗೆಯೆಲ್ಲ ನನಗೆ ಗೊತ್ತು,
ಎಲ್ಲಿ ಎರಡು ಸಲ ಹಾಕಿದೆ, ಎಲ್ಲಿ ಗಂಟು ಮುಚ್ಚಿಟ್ಟೆ.
ಅವಳು ನಕ್ಷೆ ನೋಡಿದಳು, ಮೋಜಣಿಯ ಗಡಿಕಲ್ಲಿನ ಚಿತ್ರ ನೋಡಿದಳು,
ನನ್ನ ಮುಖ ನೋಡಿದಳು, ಗೋಡೆ ನೋಡುವಂತೆ.
ಮರ ಅವನ ಪಾಲಾಯಿತು. ಖರ್ಚೂ ನನ್ನ ತಲೆಗೆ.
ಆ ಚಳಿಗಾಲವೆಲ್ಲ ಅವಳ ಹೆಸರು ಹಿಡಿದು ಶಪಿಸುತ್ತ
ಯಾರ್ಯಾರದೋ ಕೋಟಿಗೆ ಗುಂಡಿ ಓರೆ ಕೂರಿಸಿದೆ.

ಆಮೇಲೆ ರಾಜಧಾನಿಯಲ್ಲಿ ಹೊಸ ಕಾಯಿದೆ ಬಂತು.
ಮಂತ್ರಿಯೇ ಮುಖ್ಯ ಪ್ರಾಸಿಕ್ಯೂಟರು;
ನ್ಯಾಯಾಧೀಶರನ್ನು ಆರಿಸುವವರನ್ನು ಆರಿಸುವವರೂ
ಅವನ ಪಂಕ್ತಿಯಲ್ಲಿ ಉಣ್ಣುವವರೇ.
ರೇಡಿಯೊದವನು ಸುಧಾರಣೆ ಅಂದ.
ನಾನು ಬಕೆಟ್ಟಿನ ನೀರು ನೋಡಿದೆ.

ಹಾಲ್ಷ್ಕಾ ಒಂದು ತೀರ್ಪಿನ ಕೊನೆಗೆ ಕೇಳಿದ್ದಳಂತೆ:
ಹೀಗೆ ಬಂದವರು ನ್ಯಾಯಾಧೀಶರು ಹೌದೇ?
ಅಷ್ಟಕ್ಕೇ ಅಮಾನತು. ಸಂಬಳ ಅರ್ಧ.
ಅವಳ ಬಾಗಿಲಲ್ಲಿ ಹೆಸರಿದ್ದ ಕಡೆ
ಈಗ ನಾಲ್ಕು ಸ್ಕ್ರೂ ತೂತು.

ಶುಕ್ರವಾರ ನಿಲುವಂಗಿ ತೋಳ ಮೇಲೆ ಹಾಕಿಕೊಂಡು ಬಂದಳು.
"ಒಂದು ಗುಂಡಿ ಸಡಿಲ."
ಈಗೆಲ್ಲಿ ತೊಡ್ತೀರಿ? ಕೇಳಬಾರದಿತ್ತು, ಕೇಳಿದೆ.
"ಸಡಿಲ ಇದೆಯಲ್ಲ" ಅಂದಳು, ಅಷ್ಟೇ.
ಜೇಬಿನಲ್ಲಿ ಕರವಸ್ತ್ರ ಇತ್ತು, ಇಸ್ತ್ರಿ ಮಾಡಿದ್ದು.
ದುಡ್ಡು ಬೇಡ ಎಂದೆ.
ಮೇಜಿನ ಮೇಲೆ ಎಣಿಸಿಟ್ಟು, ರಸೀದಿ ಕೇಳಿದಳು.

ಅವತ್ತು ರಾತ್ರಿ ಕೋರ್ಟಿನ ಮೆಟ್ಟಿಲ ಮೇಲೆ ಮೇಣದಬತ್ತಿ ಹಿಡಿದ ಜನ.
ನಾನೂ ಹೋದೆ, ಜಾಮಿನ ಶೀಶೆಯಲ್ಲಿ ಒಂದನ್ನು ಹಚ್ಚಿಕೊಂಡು.
ಗ್ನಿಯೆವೊಮಿರನೂ ಇದ್ದ, ಬೆಪ್ಪಾಗಿ ನೋಡಿದ:
"ನಿನ್ನನ್ನ ಸೋಲಿಸಿದವಳಲ್ಲವೇನೇ?"
ಹೌದು ಅಂದೆ. ಸೋಲಿಸು ಅಂತ
ಅವಳಿಗೆ ಯಾರೂ ಫೋನು ಮಾಡಿರಲಿಲ್ಲ.
ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು
ಕೋಟಿನಿಂದ ನಾಲ್ಕು ಅಕ್ರೋಟು ತೆಗೆದು ಕೊಟ್ಟ.
ತಗೊಂಡೆ. ಮರ ನನ್ನದೇ, ಅಂದೆ.

ಸೋಮವಾರ ಇಲಾಖೆಯಿಂದ ಆರ್ಡರು ಬಂತು:
ನೇರಳೆ ಅಂಚಿನ ಆರು ನಿಲುವಂಗಿ, ತುರ್ತು.
ಜೊತೆಗೆ ಅಳತೆಯ ಚೀಟಿ. ಆರಕ್ಕೂ ಒಂದೇ ಅಳತೆ.
ನೇರಳೆ ಪಟ್ಟಿಯೂ ಅವರೇ ಕಳಿಸಿದ್ದಾರೆ, ಸುರುಳಿ ಸುತ್ತಿ.

ಕಿಟಕಿಗೆ ಹಿಡಿದು ನೋಡುತ್ತಿದ್ದೇನೆ.
ಕನ್ನಡಕ ಒರೆಸಿ
ಮತ್ತೆ ಹಿಡಿದು ನೋಡುತ್ತಿದ್ದೇನೆ.